ಕೈಮನ್ ಚರ್ಮದ ವ್ಯಾಪಾರ ಮತ್ತು ಸಾಂತಾ ಫೆಯ ಗೂಡುಗಳು

ಕೈಮನ್‌ಗಳು ದಕ್ಷಿಣ ಮೆಕ್ಸಿಕೋದಿಂದ ಅರ್ಜೆಂಟೀನಾದ ಉತ್ತರ ಭಾಗದವರೆಗೆ ಹೊಳೆ, ಕೆರೆ, ಜೌಗುಗಳಲ್ಲಿ ಬದುಕುವ ಮೊಸಳೆಗಳು. ಕಾವೇರಿಯ ಮೊಸಳೆಗಿಂತ ಅಮೆರಿಕದ ಅಲಿಗೇಟರ್ ಇವಕ್ಕೆ ಹತ್ತಿರದ ನಂಟು. ಇವುಗಳಲ್ಲಿ ಆರು ಜಾತಿಗಳಿವೆ. ಅಮೆಜಾನ್ ಕೊಳ್ಳದ ಕಪ್ಪು ಕೈಮನ್ ನಾಲ್ಕು ಮೀಟರ್ ದಾಟಿ ಬೆಳೆಯುತ್ತದೆ. ಕುಳ್ಳ ಕೈಮನ್ ಒಂದೂವರೆ ಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಳೆದ ಶತಮಾನದಲ್ಲಿ ಇವುಗಳ ಹಣೆಬರಹವನ್ನು ಬರೆದದ್ದು ಚರ್ಮದ ಪೇಟೆ.

ಆ ಪೇಟೆಗೆ ಕೈಮನ್ ಚರ್ಮ ಮೊದಲ ಆಯ್ಕೆಯಾಗಿರಲಿಲ್ಲ. ಹೆಚ್ಚಿನ ಕೈಮನ್‌ಗಳ ಹೊಟ್ಟೆಯ ಹುರುಪೆಗಳ ಅಡಿಯಲ್ಲಿ ಮೂಳೆಯ ಬಿಲ್ಲೆಗಳಿರುತ್ತವೆ. ಬಿಲ್ಲೆಯಿರುವ ತೊಗಲು ಹದಕ್ಕೆ ಬಾರದೆ ಬಿರುಸಾಗಿಯೇ ಉಳಿಯುವುದರಿಂದ ಪಕ್ಕೆಯ ಎರಡು ಪಟ್ಟಿಗಳಷ್ಟೇ ಕೆಲಸಕ್ಕೆ ಬರುತ್ತಿದ್ದವು. ಆದರೆ ಎರಡನೇ ಮಹಾಯುದ್ಧದ ನಂತರ ಕೈಚೀಲ, ಬೆಲ್ಟು, ಬೂಟುಗಳಿಗೆ ಬೇಡಿಕೆ ಏರಿತು. ಅಲಿಗೇಟರ್ ಮತ್ತು ಉಳಿದ ಮೊಸಳೆಗಳ ಚರ್ಮ ಸಾಲದಾಯಿತು. ಆಗ ವ್ಯಾಪಾರಿಗಳು ಅಮೆಜಾನಿಗೆ ಬಂದರು. ಮೊದಲು ಬಲಿಯಾದದ್ದು ದೊಡ್ಡ ಮೈಯ, ಒಳ್ಳೆಯ ಚರ್ಮದ ಕಪ್ಪು ಕೈಮನ್. ಬೇಟೆ ಸುಲಭವಿತ್ತು: ಇರುಳಲ್ಲಿ ದೋಣಿಯಿಂದ ದೀಪ ಬಿಟ್ಟರೆ ನೀರಿನ ಮೇಲೆ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ, ಪ್ರಾಣಿ ಅಲುಗದೆ ನಿಲ್ಲುತ್ತದೆ. ಅದು ವಿರಳವಾದಂತೆ ಬೇಟೆಗಾರರು ಸಣ್ಣ ಜಾತಿಗಳತ್ತ ತಿರುಗಿದರು.

ಬ್ರೆಜಿಲ್ 1967ರಲ್ಲಿ ಕಾಡುಪ್ರಾಣಿಗಳ ವಾಣಿಜ್ಯ ಬೇಟೆಯನ್ನು ನಿಷೇಧಿಸಿತು. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಲ್ಲಿ ಜಾರಿಗೆ ಬಂತು. ಕಾಗದದ ಮೇಲಿನ ನಿಷೇಧ ಪಾಂತನಾಲ್‌ನ ವಿಶಾಲ ಜೌಗಿನಲ್ಲಿ ನಡೆಯಲಿಲ್ಲ. ಅಲ್ಲಿನ ಕಳ್ಳಬೇಟೆಗಾರರು 1980ರ ದಶಕದಲ್ಲಿ ಯಾಕರೆ ಜಾತಿಯ ಕೈಮನ್‌ಗಳನ್ನು ಭಾರಿ ಸಂಖ್ಯೆಯಲ್ಲಿ ಕೊಂದು, ಪಕ್ಕೆಯ ಪಟ್ಟಿ ಕೊಯ್ದುಕೊಂಡು, ಉಳಿದ ದೇಹವನ್ನು ದಡದಲ್ಲೇ ಕೊಳೆಯಲು ಬಿಡುತ್ತಿದ್ದರು. ಆ ಚರ್ಮಗಳು ಗಡಿ ದಾಟಿ ಬೇರೆ ದೇಶದ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು.

ಪರ್ಯಾಯ ದಾರಿಯನ್ನು ಹುಡುಕಿದವುಗಳಲ್ಲಿ ವೆನಿಜುವೆಲಾ ಮೊದಲಿನದು. 1983ರಿಂದ ಅಲ್ಲಿನ ಲ್ಯಾನೋಸ್ ಬಯಲಿನ ದನದ ಜಮೀನುಗಳಲ್ಲಿ 1.8 ಮೀಟರಿಗಿಂತ ಉದ್ದದ ಗಂಡುಗಳನ್ನು ಮಾತ್ರ ಲೆಕ್ಕ ಹಾಕಿ ಹಿಡಿಯಲು ಅನುಮತಿ ಸಿಕ್ಕಿತು. ಕೊಲಂಬಿಯಾ ಬೇಲಿಯೊಳಗಿನ ಸಾಕಣೆಗೆ ಒತ್ತು ಕೊಟ್ಟಿತು.

ಇವೆರಡಕ್ಕಿಂತ ಬೇರೆ ಬಗೆಯ ಪ್ರಯತ್ನ ನಡೆದದ್ದು ಅರ್ಜೆಂಟೀನಾದ ಸಾಂತಾ ಫೆ ಪ್ರಾಂತದಲ್ಲಿ. ಇಲ್ಲಿನದು ಅಗಲ ಮೂತಿಯ ಕೈಮನ್. ಇದರ ಹೊಟ್ಟೆಯ ಚರ್ಮದಲ್ಲಿ ಮೂಳೆಯ ಬಿಲ್ಲೆಗಳು ಕಡಿಮೆ. ಆದ್ದರಿಂದಲೇ ಬೇಟೆಯ ಪೆಟ್ಟು ಇದಕ್ಕೆ ಜೋರಾಗಿ ಬಿದ್ದಿತ್ತು. 1990ರಲ್ಲಿ ಅಲೆಹಾಂದ್ರೋ ಲಾರ್ರಿಯೆರಾ ಮತ್ತು ಸಂಗಡಿಗರು ಸಾಂತಾ ಫೆಯಲ್ಲಿ ‘ಪ್ರೊಯೆಕ್ತೋ ಯಾಕರೆ’ ಯೋಜನೆ ಆರಂಭಿಸಿದರು. ಜೌಗಿನ ಗೂಡುಗಳಿಂದ ಮೊಟ್ಟೆ ತಂದು, ಕಾವು ಕೊಟ್ಟು, ಮರಿಗಳನ್ನು ಸಾಕಿ, ಒಂದು ಪಾಲನ್ನು ಮೊಟ್ಟೆ ತೆಗೆದ ಜಾಗಕ್ಕೇ ಮರಳಿ ಬಿಡುವುದು, ಉಳಿದವನ್ನು ಚರ್ಮಕ್ಕೂ ಮಾಂಸಕ್ಕೂ ಬೆಳೆಸುವುದು ಅದರ ಕ್ರಮ.

ಯೋಜನೆಯ ಬಲವೆಲ್ಲ ಇದ್ದದ್ದು ಗೂಡು ಹುಡುಕುವವರಲ್ಲಿ. ಅವರು ಗೌಚೋಗಳು, ಕುದುರೆಯ ಮೇಲೆ ದನ ಕಾಯುವ ಜನ. ಕೈಮನ್ ಕಂಡರೆ ಕೊಲ್ಲುವುದು ಅಲ್ಲಿನ ಹಳೆಯ ರೂಢಿ. ಪತ್ತೆ ಮಾಡಿದ ಗೂಡಿಗೆ, ತಂದುಕೊಟ್ಟ ಮೊಟ್ಟೆಗೆ ಹಣ ಸಿಗತೊಡಗಿದ ಮೇಲೆ ತಾಯಿ ಬದುಕಿರುವುದೇ ಅವರಿಗೆ ಲಾಭವಾಯಿತು, ಏಕೆಂದರೆ ಮುಂದಿನ ಬೇಸಿಗೆಗೂ ಗೂಡು ಕಟ್ಟುವವಳು ಅವಳೇ. ಯಾವ ಕಾವಲುಗಾರನಿಗೂ ಆಗದ ಕೆಲಸವನ್ನು ಈ ಸಣ್ಣ ಲೆಕ್ಕಾಚಾರ ಮಾಡಿತು.

ದಕ್ಷಿಣಾರ್ಧಗೋಳದ ಬೇಸಿಗೆಯಾದ ಡಿಸೆಂಬರ್–ಜನವರಿಯಲ್ಲಿ ಹೆಣ್ಣು ಹುಲ್ಲು, ಸೊಪ್ಪು, ಕೆಸರನ್ನು ಗುಡ್ಡೆ ಹಾಕಿ ಮೂವತ್ತು ನಲವತ್ತು ಮೊಟ್ಟೆಯಿಡುತ್ತದೆ. ಸೊಪ್ಪು ಕೊಳೆಯುವಾಗ ಹುಟ್ಟುವ ಬಿಸಿಯೂ ಅವುಗಳ ಕಾವಿಗೆ ನೆರವಾಗುತ್ತದೆ. ತೆಗೆಯುವವರು ಗುಡ್ಡೆಯನ್ನು ಮೆಲ್ಲಗೆ ಬಿಡಿಸಿ, ಪ್ರತಿ ಮೊಟ್ಟೆಯ ಮೇಲ್ಮೈಗೆ ಪೆನ್ಸಿಲಿನಿಂದ ಗುರುತು ಹಾಕಿದ ಮೇಲೆಯೇ ಎತ್ತಬೇಕು. ಭ್ರೂಣ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಮೊಟ್ಟೆ ಮಗುಚಿಕೊಂಡರೆ ಅದು ಸಾಯುತ್ತದೆ. ಗೂಡಿನದೇ ಹುಲ್ಲಿನ ನಡುವೆ, ಗುರುತು ಮೇಲಿರುವಂತೆ ಜೋಡಿಸಿ, ಕುಲುಕದಂತೆ ಸಾಗಿಸುತ್ತಾರೆ.

ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಕಾವಿನ ಉಷ್ಣತೆ. 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲವೂ ಹೆಣ್ಣಾಗುತ್ತವೆ, 33ರಲ್ಲಿ ಎಲ್ಲವೂ ಗಂಡಾಗುತ್ತವೆ. ಸುಮಾರು ಎಪ್ಪತ್ತು ದಿನಗಳ ನಂತರ ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ಕಾಡಿನಲ್ಲಾದರೆ ಆ ಕೂಗಿಗೆ ತಾಯಿ ಬಂದು ಗೂಡು ಕೆದರಿ, ಮರಿಗಳನ್ನು ಬಾಯಲ್ಲಿಟ್ಟುಕೊಂಡು ನೀರಿಗೆ ಒಯ್ಯುತ್ತದೆ. ಆದರೂ ಹೆಚ್ಚಿನವು ನೆರೆಗೆ, ನರಿಗೆ, ಹಕ್ಕಿಗೆ, ಮೊದಲ ಚಳಿಗಾಲಕ್ಕೆ ಬಲಿಯಾಗುತ್ತವೆ. ಈ ನಷ್ಟ ದೊಡ್ಡದಾದ್ದರಿಂದಲೇ ಮೊಟ್ಟೆ ತೆಗೆದರೂ ಜೌಗು ಬರಿದಾಗದು.

ಸಾಕಣೆಯಲ್ಲಿ ಅಪಾಯಗಳು ಬೇರೆ. ತಣ್ಣೀರಿನಲ್ಲಿ ಮರಿ ಮೇವು ಬಿಡುತ್ತದೆ, ತಿಂದದ್ದು ಅರಗುವುದಿಲ್ಲ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಚಳಿಗಾಲವಿಡೀ ತೊಟ್ಟಿಗಳನ್ನು ಬೆಚ್ಚಗಿಡಬೇಕು. ಮೂಳೆಯಿಲ್ಲದ ಮಾಂಸವನ್ನಷ್ಟೇ ಕೊಟ್ಟರೆ ಸುಣ್ಣದಂಶ ಸಾಲದೆ ಎಲುಬು ಮೆತ್ತಗಾಗಿ ದವಡೆ ಸೊಟ್ಟಗಾಗುತ್ತದೆ. ಕಮಟು ಹಿಡಿದ ಮೀನು ತಿನ್ನಿಸಿದರೆ ಮೈಯ ಕೊಬ್ಬು ಗಟ್ಟಿಯಾಗುವ ರೋಗ ಬರುತ್ತದೆ. ತೊಟ್ಟಿಯಲ್ಲಿ ದಟ್ಟಣೆಯಾದರೆ ಕಚ್ಚಾಟ. ಗಾಯವಾದ ಚರ್ಮಕ್ಕೆ ಬೆಲೆಯಿಲ್ಲ. ಹೀಗಾಗಿ ಪ್ರಾಣಿಯ ಆರೋಗ್ಯ ಸಾಕುವವರಿಗೂ ಬೇಕಾದದ್ದೇ.

ಸುಮಾರು ಒಂಬತ್ತು ತಿಂಗಳ ಮರಿಗಳನ್ನು ಬಾಲದ ಹುರುಪೆಗೆ ಗುರುತು ಮಾಡಿ ಜೌಗಿಗೆ ಬಿಡಲಾಯಿತು. ಹಾಗೆ ಬಿಟ್ಟ ಹೆಣ್ಣುಗಳು ತಾವೇ ಗೂಡು ಕಟ್ಟಿ ಮೊಟ್ಟೆಯಿಟ್ಟದ್ದು 2000ರ ದಶಕದಲ್ಲಿ ದೃಢಪಟ್ಟಿತು. ಇಡೀ ಯೋಜನೆಗೆ ಇದಕ್ಕಿಂತ ಗಟ್ಟಿ ಪುರಾವೆ ಬೇರಿಲ್ಲ. ಅದಕ್ಕೂ ಮೊದಲೇ, ಸಂಖ್ಯೆ ಚೇತರಿಸಿಕೊಂಡದ್ದನ್ನು ಒಪ್ಪಿ 1997ರಲ್ಲಿ ಸೈಟಿಸ್ ಅರ್ಜೆಂಟೀನಾದ ಅಗಲ ಮೂತಿಯ ಕೈಮನ್‌ಗಳನ್ನು ಮೊದಲ ಅನುಬಂಧದಿಂದ ಎರಡನೆಯದಕ್ಕೆ ಇಳಿಸಿತು. ನಿಯಂತ್ರಿತ ರಫ್ತಿಗೆ ದಾರಿಯಾಯಿತು. ಪ್ರತಿ ಚರ್ಮಕ್ಕೂ ಸಂಖ್ಯೆಯ ಪಟ್ಟಿ ಕಡ್ಡಾಯ. ಅಮೆರಿಕ ಸಂಯುಕ್ತ ಸಂಸ್ಥಾನ 2013ರಲ್ಲಿ ತನ್ನ ಕಾನೂನಿನಲ್ಲೂ ಇವುಗಳ ದರ್ಜೆಯನ್ನು ಸಡಿಲಿಸಿತು.

ಮೊಟ್ಟೆ ತಂದು ಮರಿ ಸಾಕುವ ಉಪಾಯ ಭಾರತಕ್ಕೂ ಹೊಸದಲ್ಲ. 1975ರಲ್ಲಿ ಶುರುವಾದ ಮೊಸಳೆ ಸಂರಕ್ಷಣಾ ಯೋಜನೆ ಘರಿಯಾಲ್ ಮುಂತಾದವನ್ನು ಇದೇ ರೀತಿ ಉಳಿಸಿಕೊಂಡಿತು. ಆದರೆ ಇಲ್ಲಿ 1972ರ ವನ್ಯಜೀವಿ ಕಾಯ್ದೆ ಚರ್ಮದ ವ್ಯಾಪಾರಕ್ಕೆ ಅವಕಾಶ ಕೊಡಲಿಲ್ಲ.

ಸಾಂತಾ ಫೆಯಲ್ಲಿ ಈಗಿನ ಚಿಂತೆ ಬಂದೂಕಿನದಲ್ಲ. ಕಳೆನಾಶಕ ತಾಳಿಕೊಳ್ಳುವ ಕುಲಾಂತರಿ ಸೋಯಾಗೆ 1996ರಲ್ಲಿ ಅನುಮತಿ ಸಿಕ್ಕ ಮೇಲೆ ಹೊಲಗಳು ಜೌಗಿನ ಅಂಚಿಗೆ ಬಂದಿವೆ. ಗ್ಲೈಫೋಸೇಟ್ ಇರುವ ಕಳೆನಾಶಕ ಸೋಂಕಿದ ಮೊಟ್ಟೆಗಳ ಮರಿಗಳಲ್ಲಿ ಡಿಎನ್‌ಎಗೆ ಹಾನಿಯಾಗುವುದನ್ನು ಅಲ್ಲಿನ ಸಂಶೋಧಕರೇ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಸಿಂಪಡಣೆಯ ಕಾಲವೂ ಗೂಡು ಕಟ್ಟುವ ಕಾಲವೂ ಒಂದೇ.