ಉಪ್ಪುನೀರು ಕಲಿಸಿದ ಫೋಟೋ ತೊಳೆಯುವ ಪಾಠ

ನಮ್ಮ ಊರುಗಳ ಹಳೆಯ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲೇ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಫೋಟೋ ತೂಗುತ್ತಿರುತ್ತದೆ. ಒಂದೇ ಕಾಲದ ಎರಡು ಫೋಟೋ ಇದ್ದರೆ ಗಮನಿಸಿ ನೋಡಿ. ಒಂದು ಇಂದಿಗೂ ಸ್ಪಷ್ಟವಾಗಿರುತ್ತದೆ, ಇನ್ನೊಂದರಲ್ಲಿ ಹಳದಿ ಹರಡಿ ಮುಖವೇ ಮಾಸಿರುತ್ತದೆ. ಗೋಡೆ ಒಂದೇ, ತೇವವೂ ಒಂದೇ. ಹಾಗಾದರೆ ಈ ವ್ಯತ್ಯಾಸ ಯಾಕೆ? ಎಷ್ಟೋ ಸಲ ಇದಕ್ಕೆ ಉತ್ತರ ಸಿಗುವುದು ಫೋಟೋ ತೊಳೆದ ತೊಟ್ಟಿಯಲ್ಲಿ.

ಆ ಕಾಲದ ಫೋಟೋ ಕಾಗದದ ಮೇಲೆ ಬೆಳ್ಳಿಯ ಲವಣ ಇರುತ್ತಿತ್ತು. ಚಿತ್ರ ಮೂಡಿದ ಮೇಲೆ ಉಳಿದ ಲವಣವನ್ನು ತೆಗೆಯದಿದ್ದರೆ ಬೆಳಕಿಗೆ ಬಂದಾಗ ಅದೂ ಕಪ್ಪಾಗುತ್ತದೆ. ಅದನ್ನು ಕರಗಿಸುವ ರಾಸಾಯನಿಕವೇ ಸ್ಟುಡಿಯೋದವರು ಕರೆಯುವ ‘ಹೈಪೋ’, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದರ ಈ ಗುಣವನ್ನು 1819ರಲ್ಲಿ ಕಂಡುಕೊಂಡವರು ಇಂಗ್ಲೆಂಡಿನ ಜಾನ್ ಹರ್ಷೆಲ್. 1839ರಲ್ಲಿ ಅವರೇ ಅದನ್ನು ಫೋಟೋಗೆ ಬಳಸಿದರು.

ಆದರೆ ಕೆಲಸ ಮುಗಿಸಿದ ಹೈಪೋ ಕಾಗದದ ನಾರಿನಲ್ಲೇ ಅಂಟಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಅದರಲ್ಲಿರುವ ಗಂಧಕ ಬೆಳ್ಳಿಯ ಜೊತೆ ಸೇರಿ ಚಿತ್ರ ಹಳದಿಯಾಗುತ್ತದೆ. 1855ರಲ್ಲಿ ಫೋಟೋಗಳು ಮಾಸುವುದೇಕೆ ಎಂದು ಹುಡುಕಲು ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಒಂದು ಸಮಿತಿ ಮಾಡಿತು. ರಾಣಿ ವಿಕ್ಟೋರಿಯಾರ ಪತಿ ಪ್ರಿನ್ಸ್ ಆಲ್ಬರ್ಟ್ 50 ಪೌಂಡ್ ಕೊಟ್ಟರು. ಸರಿಯಾಗಿ ತೊಳೆಯದೆ ಹೈಪೋ ಉಳಿಯುವುದೇ ಮುಖ್ಯ ಕಾರಣ ಎಂದು ಸಮಿತಿ ಹೇಳಿತು.

ಪರಿಹಾರ ಎಂದರೆ ನೀರು, ಇನ್ನಷ್ಟು ನೀರು. ದಪ್ಪ ಕಾಗದದ ಪ್ರಿಂಟ್ ಅನ್ನು ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯಬೇಕಿತ್ತು. ಬಾವಿಯಿಂದ ಕೊಡ ಹೊತ್ತು ತರುವ ಊರಿನಲ್ಲಿ ಇದು ಎಷ್ಟು ಕಷ್ಟ ಎಂದು ನಾವು ಹೇಳಬೇಕಿಲ್ಲ.

ಇದೇ ಕಷ್ಟ ಎರಡನೇ ಮಹಾಯುದ್ಧದ ಹಡಗುಗಳಲ್ಲೂ ಇತ್ತು. ಸುತ್ತಲೂ ಸಮುದ್ರ, ಆದರೆ ಸಿಹಿನೀರು ಅಳತೆಯದು. ಫೋಟೋಗಳನ್ನು ಸಮುದ್ರದ ನೀರಿನಲ್ಲಿ ತೊಳೆದಾಗ ಅಚ್ಚರಿಯ ಸಂಗತಿ ಕಂಡಿತು: ಹೈಪೋ ಸಿಹಿನೀರಿಗಿಂತ ಬೇಗ ಹೊರಬರುತ್ತಿತ್ತು! ನೀರಿನಲ್ಲಿರುವ ಲವಣ ಹೈಪೋವನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂರುತ್ತದೆ. ಆದರೆ ಉಪ್ಪು ಉಳಿದರೂ ಚಿತ್ರಕ್ಕೆ ಕೇಡು, ಆದ್ದರಿಂದ ಕೊನೆಗೆ ಸಿಹಿನೀರಿನ ತೊಳೆತ ಬೇಕೇ ಬೇಕು.

ಯುದ್ಧದ ನಂತರ ಅಮೆರಿಕದ ಕೊಡಕ್ ಕಂಪನಿ ಇದೇ ತತ್ವದ ಪುಡಿಯನ್ನು ಮಾರಿತು. ಅದರ ಮುಖ್ಯ ವಸ್ತು ಸೋಡಿಯಂ ಸಲ್ಫೈಟ್. ಅದು ಗೊತ್ತಾದ ಮೇಲೆ ಡಾರ್ಕ್‌ರೂಮಿನವರು ತಾವೇ ಕಲಸಿಕೊಳ್ಳತೊಡಗಿದರು: ಒಂದು ಲೀಟರ್ ನೀರಿಗೆ 20 ಗ್ರಾಂ ಸಲ್ಫೈಟ್. ಹೈಪೋದಿಂದ ತೆಗೆದ ಪ್ರಿಂಟ್ ಅನ್ನು ಒಮ್ಮೆ ಜಾಲಾಡಿ, ಕೆಲವು ನಿಮಿಷ ಇದರಲ್ಲಿ ಆಡಿಸಿದರೆ, ಒಂದು ಗಂಟೆಯ ತೊಳೆತ ಸುಮಾರು 20 ನಿಮಿಷಕ್ಕೆ ಇಳಿಯುತ್ತಿತ್ತು. ಈ ದ್ರಾವಣ ಗಾಳಿಗೆ ಕೆಡುತ್ತದೆ, ಹಾಗಾಗಿ ಅಂದಿನದು ಅಂದೇ ಕಲಸಬೇಕು. ಹೆಸರಿನಲ್ಲೂ ಎಚ್ಚರ ಬೇಕು: ಸಲ್ಫೈಟ್ ಬದಲು ಸಲ್ಫೈಡ್ ಹಾಕಿದರೆ ಚಿತ್ರವೇ ಕಂದಾಗುತ್ತದೆ. ಸಲ್ಫೈಟ್‌ಗೆ ಆಮ್ಲ ತಾಗಿದರೆ ಬರುವ ಗಾಳಿ ಉಬ್ಬಸದವರಿಗೆ ಅಪಾಯ.

1970ರ ದಶಕದಲ್ಲಿ ಪ್ಲಾಸ್ಟಿಕ್ ಲೇಪನದ ಕಾಗದ ಹರಡಿತು. ಅದು ಹೈಪೋವನ್ನು ಒಳಗೆ ಹೀರುವುದಿಲ್ಲ, ಕೆಲವೇ ನಿಮಿಷ ತೊಳೆದರೆ ಸಾಕು. ಕಲಸುವ ಕೆಲಸ ನಿಧಾನವಾಗಿ ಮರೆಗೆ ಸರಿಯಿತು.

ಇದನ್ನು ಓದಿ ಹಳೆಯ ಫೋಟೋವನ್ನು ಮನೆಯಲ್ಲಿ ತೊಳೆಯಲು ಹೋಗಬೇಡಿ. ಹಳದಿಯಾದದ್ದು ತೊಳೆದರೆ ಮರಳಿ ಬಾರದು, ಹಳೆಯ ಪದರ ನೀರಿಗೆ ಕಿತ್ತು ಬರಬಹುದು. ಬದಲಿಗೆ ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಫೋಟೋದಲ್ಲಿರುವವರು ಯಾರು ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಮುಖ ಉಳಿದೂ ಹೆಸರು ಅಳಿದ ಫೋಟೋಗಳನ್ನು ನಾವು ಬಹಳ ನೋಡಿದ್ದೇವೆ.