ಪೂಜೆಗೊಂಡ ಓಲೆ, ಓದದ ಓಲೆ

ಕ್ರಿ.ಶ. 476ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯವು ಅಳಿದ ತರುವಾಯ, ಅರಸೊತ್ತಿಗೆಗಳು ಏಳುತ್ತ ಬೀಳುತ್ತ ಇದ್ದ ಯುರೋಪಿನಲ್ಲಿ ವಿದ್ಯೆಗೆ ಆಸರೆಯಾದವುಗಳಲ್ಲಿ ಕ್ರೈಸ್ತ ಮಠಗಳು ಮುಖ್ಯವಾದವು. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ನಿಯಮಾವಳಿಯಲ್ಲಿ ಸಾಧುಗಳಿಗೆ ಪ್ರಾರ್ಥನೆ, ದುಡಿಮೆಗಳೊಡನೆ ನಿತ್ಯದ ಓದನ್ನೂ ವಿಧಿಸಿದನು. ಅದೇ ಶತಮಾನದ ಕ್ಯಾಸಿಯೊಡೋರಸನು ಗ್ರಂಥಗಳನ್ನು ಪ್ರತಿಮಾಡುವುದನ್ನು ಪುಣ್ಯಕಾರ್ಯವೆಂದೇ ಬಗೆದನು. ರೋಮಿನ ಇತಿಹಾಸಕಾರ ಟ್ಯಾಸಿಟಸನ ‘ಆನಲ್ಸ್’ ಗ್ರಂಥದ ಮೊದಲ ಭಾಗವು ನಮಗೆ ಉಳಿದುಬಂದಿರುವುದು 9ನೆಯ ಶತಮಾನದ ಒಂದೇ ಒಂದು ಹಸ್ತಪ್ರತಿಯಿಂದ! ಆದರೆ ಬೊಬ್ಬಿಯೋ ಮಠದ ಒಂದು ಪ್ರತಿಯಲ್ಲಿ ಸಿಸೆರೋ ಪಂಡಿತನ ರಾಜ್ಯಶಾಸ್ತ್ರವನ್ನು ಅಳಿಸಿ, ಅದರ ಮೇಲೆ ಧರ್ಮವ್ಯಾಖ್ಯಾನವನ್ನು ಬರೆದಿದ್ದರು. ಆ ಅಳಿಸಿದ ಅಕ್ಷರಗಳು ಮರಳಿ ಕಣ್ಣಿಗೆ ಬಿದ್ದದ್ದು 1819ರಲ್ಲಿ. ಕಾಪಾಡುವ ಕೈಯೇ ಅರಿಯದೆ ಅಳಿಸಲೂ ಬಲ್ಲುದು.

ನಮ್ಮ ನಾಡಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 12ನೆಯ ಶತಮಾನದ ಶರಣರ ವಚನಗಳನ್ನು 15ನೆಯ ಶತಮಾನದ ವಿರಕ್ತರು ಸಂಕಲಿಸಿದರು. ಮಠಗಳೂ ಭಕ್ತರ ಮನೆಗಳೂ ಅವುಗಳನ್ನು ಓಲೆಗರಿಗಳಲ್ಲಿ ಪ್ರತಿಮಾಡಿ ಉಳಿಸಿಕೊಂಡು ಬಂದವು. ಕಾಲಾಂತರದಲ್ಲಿ ಪ್ರತಿಮಾಡುವ ಕೈ ತಣ್ಣಗಾಯಿತು. ಪೂಜೆ ಮಾತ್ರ ಉಳಿಯಿತು. ಕಟ್ಟಿಗೆ ವಿಭೂತಿ, ಹೂವು ಏರಿದವು. ಒಳಗೆ ಹುಳು ತನ್ನ ಕೆಲಸ ಮಾಡುತ್ತಿತ್ತು.

1904ರಲ್ಲಿ ವಕೀಲರಾಗಿ ಅಂದಿನ ಬಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ಇದನ್ನು ಮನಗಂಡರು. ಊರೂರು ಅಲೆದು ಕಟ್ಟುಗಳನ್ನು ಬಿಚ್ಚಿಸಿದರು, ಓದಿದರು, ಪರಿಷ್ಕರಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಬಾಳು ವಚನಕ್ಕೇ ಮೀಸಲಾಗಿತ್ತು. ಮಠಗಳು ಕಾಯ್ದಿರದಿದ್ದರೆ ಅವರಿಗೆ ಓಲೆಗಳು ದೊರೆಯುತ್ತಿರಲಿಲ್ಲ. ಅವರು ಬಿಚ್ಚಿಸದಿದ್ದರೆ ಅವುಗಳಲ್ಲಿ ಎಷ್ಟೋ ಓಲೆಗಳು ನಮಗೆ ದಕ್ಕುತ್ತಿರಲಿಲ್ಲ.

ಆದುದರಿಂದ ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸದ್ಭಕ್ತರಲ್ಲಿಯೂ ಮಠದಲ್ಲಿ ಓದಿ ಬೆಳೆದವರಲ್ಲಿಯೂ ಒಂದು ಬಿನ್ನಹ. ನಿಮ್ಮ ಜಗುಲಿಯ ಮೇಲೆ ಹಿರಿಯರು ಇರಿಸಿದ ಕಟ್ಟೊಂದು ಇದ್ದರೆ, ಪೂಜೆಯನ್ನು ನಿಲ್ಲಿಸಬೇಡಿರಿ. ಆದರೆ ಬಲ್ಲವರಿಂದ ಅದನ್ನು ಬಿಚ್ಚಿಸಿ, ಓದಿಸಿ, ಛಾಯಾಪ್ರತಿ ತೆಗೆಯಿಸಿರಿ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವೇ ಇದೆ. ಓಲೆಯು ಮರಳಿ ನಿಮ್ಮ ಜಗುಲಿಗೇ ಬರಲಿ. ಅದರೊಳಗಿನ ನುಡಿ ಮಾತ್ರ ನಾಡಿಗೆ ಸಲ್ಲಲಿ. ಹಿರಿಯರು ಅದನ್ನು ಬರೆದಿಟ್ಟದ್ದು ಓದಲೆಂದೇ ಅಲ್ಲವೇ?