ಓಡುವ ಕುದುರೆಯ ಒಂದು ಕಾಲಾದರೂ ನೆಲದ ಮೇಲಿರುತ್ತದೆಯೇ?

1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯ, ಇಸ್ಮಾಯಿಲ್ ಆದಿಲ್ ಶಾ ಇಬ್ಬರ ಕಡೆಯೂ ಕುದುರೆ ಪಡೆ ಇತ್ತು. ಇಂದು ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿ ಇರಲಿ, ನಮ್ಮಲ್ಲಿ ಹೆಚ್ಚಿನವರು ಕುದುರೆ ಹತ್ತುವುದು ಮದುವೆ ಮೆರವಣಿಗೆಯಲ್ಲಿ. ಓಡುವಾಗ ಒಂದು ಕಾಲಾದರೂ ನೆಲದಲ್ಲಿರುತ್ತದೆ, ಬಿಗಿಹಿಡಿದು ಕೂತರೆ ಸಾಕು ಎಂಬ ಮಾತು ನೀವೂ ಕೇಳಿರಬಹುದು. ಎರಡೂ ತಪ್ಪು.

ನಡಿಗೆಯಲ್ಲಿ ಗೊರಸುಗಳು ಒಂದೊಂದಾಗಿ ನಾಲ್ಕು ಸದ್ದು ಮಾಡುತ್ತವೆ. ಟ್ರಾಟ್, ಅಂದರೆ ಕುಕ್ಕುಲೋಟದಲ್ಲಿ, ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಟ್ಟಿಗೆ ಊರುತ್ತವೆ, ನಂತರ ಇನ್ನೊಂದು ಜೋಡಿ. ಸದ್ದು ಎರಡೇ. ಜೋಡಿ ಬದಲಾಗುವ ನಡುವೆ ನಾಲ್ಕೂ ಕಾಲು ಗಾಳಿಯಲ್ಲಿ! 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಇದನ್ನು ಫೋಟೊದಲ್ಲೇ ತೋರಿಸಿದರು.

ಆ ಜಿಗಿತವೇ ಸವಾರನನ್ನು ಮೇಲಕ್ಕೆ ಎಸೆಯುವುದು. ಮೊಣಕಾಲು ಬಿಗಿದಷ್ಟೂ ನೀವು ಪುಟಿಯುತ್ತೀರಿ. ಧೊಪ್ಪೆಂದು ಕೂತಾಗ ಪೆಟ್ಟು ಕುದುರೆಯ ಬೆನ್ನಿಗೆ, ನಿಮ್ಮ ಸೊಂಟಕ್ಕೆ. ತರಬೇತಿಯಲ್ಲಿ ಕಲಿಸುವುದೇ ಬೇರೆ: ಒಂದು ಸದ್ದಿಗೆ ಜೀನಿನಿಂದ ತುಸು ಏಳಿ, ಮುಂದಿನದಕ್ಕೆ ಮೆತ್ತಗೆ ಕೂರಿ. ಆಯ ತಪ್ಪಿದಾಗ ಲಗಾಮು ಜಗ್ಗಬೇಡಿ, ಕುದುರೆಯ ಬಾಯಿ ನೋಯುತ್ತದೆ.

ಡಿಜೆ ಅಬ್ಬರದ ನಡುವೆ, ಡಾಂಬರು ರಸ್ತೆಯಲ್ಲಿ, ರೀಲ್ಸ್‌ಗೆಂದು ಓಡಿಸಿ ಇದನ್ನು ಕಲಿಯಲಾಗದು. ಹೆಲ್ಮೆಟ್ ಬೇಕು, ಪಕ್ಕದಲ್ಲಿ ಕಲಿಸುವವರು ಬೇಕು. ನಾಲ್ಕೂ ಕಾಲು ಗಾಳಿಯಲ್ಲಿರುವುದನ್ನು ನೋಡಬೇಕಷ್ಟೇ ಎಂದರೆ ಫೋನಿನಲ್ಲಿ ಯಾವುದಾದರೂ ಟ್ರಾಟ್ ವಿಡಿಯೊ ನಿಧಾನಗತಿಗೆ ಹಾಕಿ ನೋಡಿ. ನಾವೂ ಹಾಗೆಯೇ ನೋಡಿದ್ದು.